ಪಾಸ್ ಇದೆ, ಬಸ್ಸೇ ಇಲ್ಲ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನಾವು ಬರ್ಕ್‌ಷೈರ್ ಕೌಂಟಿಯ ನ್ಯೂಬರಿ ಹತ್ತಿರ ಒಂದು ಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರೇ ಇದ್ದರು. ಗುರುವಾರ ನ್ಯೂಬರಿಯಲ್ಲಿ ಸಂತೆ. ಚಕ್ರದ ಚೀಲ ಎಳೆದುಕೊಂಡು ತಪ್ಪದೆ ಹೋಗುತ್ತಿದ್ದರು.

ಒಂದು ದಿನ ಸ್ಟಾಪಿನ ಕಂಬಕ್ಕೆ ಪ್ಲಾಸ್ಟಿಕ್ ಕವರಿನೊಳಗೆ ಹಾಕಿದ ಹಾಳೆ ಕಟ್ಟಿದ್ದರು. ಮುಂದಿನ ತಿಂಗಳಿಂದ ಈ ಬಸ್ ಇಲ್ಲ. ಎರಡೇ ಸಾಲು. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ಮತ್ತೆ ಮತ್ತೆ ಓದಿದರು. ಆಮೇಲೆ ಪರ್ಸಿನಿಂದ ಬಸ್ ಪಾಸ್ ತೆಗೆದು ನನಗೆ ತೋರಿಸಿ, "ಇನ್ನು ಇದನ್ನ ಇಟ್ಕೊಂಡು ಏನ್ ಮಾಡ್ಲಿ?" ಅಂದರು.

ಅದು ಹಿರಿಯರ ಉಚಿತ ಪಾಸ್. 2008ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಯಾವ ಊರಿನ ಲೋಕಲ್ ಬಸ್ಸಿಗಾದರೂ ನಡೆಯುತ್ತದೆ. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತೂವರೆ ಆದ ಮೇಲೆ ಹತ್ತಬೇಕು, ಅಷ್ಟೇ. ಒಳ್ಳೆಯ ಯೋಜನೆ. ಆದರೆ ಹತ್ತೋಕೆ ಬಸ್ ಬೇಕಲ್ವಾ?

ಆ ಬಸ್ ನಿಲ್ಲಿಸಿದ ಕಂಪನಿಯ ಹೆಸರು ನನಗೆ ಬೇಡ. ಅವರು ಕಾನೂನು ಮೀರಿ ಏನೂ ಮಾಡಲಿಲ್ಲ. ತಪ್ಪಿರುವುದು ಕಾನೂನಿನಲ್ಲೇ. 1985ರ ಸಾರಿಗೆ ಕಾಯ್ದೆ 1986ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಲಂಡನ್ ಒಂದನ್ನು ಬಿಟ್ಟು ಇಂಗ್ಲೆಂಡಿನ ಎಲ್ಲ ಕಡೆ ಯಾವ ರೂಟ್ ಓಡಿಸಬೇಕು, ಯಾವುದನ್ನು ಬಿಡಬೇಕು ಅನ್ನೋದು ಕಂಪನಿಯ ಲೆಕ್ಕಾಚಾರವಾಯಿತು. ಲಾಭ ಇಲ್ಲದ ರೂಟಿಗೆ ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ಬೇಕಾದರೆ ದುಡ್ಡು ಕೊಟ್ಟು ಓಡಿಸಬಹುದು. ಆದರೆ ಕೊಡಲೇಬೇಕು ಅಂತಿಲ್ಲ. ವೃದ್ಧರ ಆರೈಕೆಗೆ, ಮಕ್ಕಳ ರಕ್ಷಣೆಗೆ ಕೌನ್ಸಿಲ್ ಖರ್ಚು ಮಾಡಲೇಬೇಕು. ಹಾಗಾಗಿ ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳೋದು ಹಳ್ಳಿ ಬಸ್ಸಿಗೆ.

ಈಗ ನಾವು ಅದೇ ಕೌಂಟಿಯ ರೆಡಿಂಗ್‌ನಲ್ಲಿದ್ದೇವೆ. ಇಲ್ಲಿನ ಕಥೆಯೇ ಬೇರೆ. ರೆಡಿಂಗ್ ಬಸಸ್ ಕಂಪನಿ ಪೂರ್ತಿ ಊರಿನ ಕೌನ್ಸಿಲ್ಲಿನದು. ದೇಶದ ಎಷ್ಟೋ ಊರುಗಳು ತಮ್ಮ ಬಸ್ ಕಂಪನಿಯನ್ನು ಮಾರಿಕೊಂಡವು, ರೆಡಿಂಗ್ ಮಾರಲಿಲ್ಲ. ರೂಟಿಗೊಂದು ಬಣ್ಣ. ನೇರಳೆ ಬಣ್ಣದ 17 ಟೈಲ್‌ಹರ್ಸ್ಟ್‌ನಿಂದ ಊರಿನ ನಡುವೆ ಹಾದು ತ್ರೀ ಟನ್ಸ್ ಅನ್ನೋ ಸ್ಟಾಪಿನವರೆಗೆ ಹೋಗುತ್ತದೆ. 1968ರವರೆಗೆ ಇದೇ ದಾರಿಯಲ್ಲಿ ಇದೇ ನಂಬರಿನ ಟ್ರಾಲಿ ಬಸ್, ಅಂದರೆ ಮೇಲಿನ ತಂತಿಯ ಕರೆಂಟಿನಿಂದ ನಡೆಯುವ ಬಸ್, ಓಡುತ್ತಿತ್ತು. ಒಂದು ಬಸ್ ತಪ್ಪಿದರೆ ಹಗಲಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲ್ಲ, ಹಿಂದೆಯೇ ಇನ್ನೊಂದು ಬರುತ್ತದೆ. ಊರಿಂದ ಬಂದಿದ್ದ ಅಮ್ಮ ಮೇಲ್ಮಹಡಿಯ ಮುಂದಿನ ಸೀಟು ಬಿಟ್ಟು ಏಳುತ್ತಿರಲಿಲ್ಲ. ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಯೂ ಹೇಳುವುದನ್ನು ನೋಡಿ ಎರಡನೇ ದಿನದಿಂದ ತಾನೂ ಹೇಳತೊಡಗಿದಳು.

ಲಂಡನ್ ಬಿಟ್ಟರೆ ಜನ ಅತಿ ಹೆಚ್ಚು ಬಸ್ ಹತ್ತುವ ಊರುಗಳಲ್ಲಿ ರೆಡಿಂಗ್ ಕೂಡ ಒಂದು. ಇಲ್ಲಿ ಮನೆಗಳು ಒತ್ತೊತ್ತಾಗಿವೆ, ಜನ ಜಾಸ್ತಿ. ಹಳ್ಳಿಯ ಜೊತೆ ನೇರವಾಗಿ ಹೋಲಿಸೋಕಾಗಲ್ಲ, ಒಪ್ಪುತ್ತೇನೆ. ಆದರೆ ಲಾಭ ಎಲ್ಲಿಗೆ ಹೋಗುತ್ತದೆ ಅನ್ನೋದು ನನಗೆ ಮುಖ್ಯ. ತುಂಬಿದ ಬಸ್ಸಿನ ದುಡ್ಡಲ್ಲಿ ಖಾಲಿ ಬಸ್ಸೂ ಓಡಬೇಕು. ಕಂಪನಿ ಊರಿನದೇ ಆದರೆ ಆ ದುಡ್ಡು ಮತ್ತೆ ಬಸ್ಸಿಗೇ ಬರುತ್ತದೆ. ಷೇರುದಾರರು ಬೇರೆಲ್ಲೋ ಇದ್ದರೆ 17ರಂಥ ರೂಟ್ ಮಾತ್ರ ಉಳಿಯುತ್ತದೆ, ಅಜ್ಜಿಯ ರೂಟ್ ಹೋಗುತ್ತದೆ. ಅಲ್ಲಿ ಕರ್ನಾಟಕದ ನಮ್ಮೂರಿಗೆ ರಾತ್ರಿ ಎಂಟಕ್ಕೆ ಬರುತ್ತಿದ್ದ ಹಾಲ್ಟ್ ಬಸ್ಸಲ್ಲಿ ಕೊನೆಗೆ ಆರೇಳು ಜನ ಇದ್ದರೆ ಹೆಚ್ಚು. ಆದರೂ ಬೆಳಗ್ಗೆ ಅದು ಕಾಲೇಜು ಮಕ್ಕಳನ್ನು ತುಂಬಿಕೊಂಡೇ ಹೊರಡುತ್ತಿತ್ತು.

ನನಗೆ ನಿಜಕ್ಕೂ ಸಿಟ್ಟು ಬರೋದು 2017ರ ಕಾಯ್ದೆಯ ಬಗ್ಗೆ. ಇಂಗ್ಲೆಂಡಿನ ಯಾವ ಕೌನ್ಸಿಲ್ಲೂ ಹೊಸದಾಗಿ ಬಸ್ ಕಂಪನಿ ಕಟ್ಟುವಂತಿಲ್ಲ ಎಂದು ಅದು ನಿಷೇಧ ಹಾಕಿತು. ಚೆನ್ನಾಗಿ ನಡೆಯುವ ಕಂಪನಿ ಕಣ್ಣೆದುರೇ ಇದ್ದಾಗ ಪಕ್ಕದ ಊರಿಗೆ ನೀನು ಮಾಡಬೇಡ ಅನ್ನೋದು ಯಾವ ನ್ಯಾಯ? 2025ರ ಹೊಸ ಕಾಯ್ದೆ ಆ ನಿಷೇಧ ತೆಗೆದುಹಾಕಿದೆ. ತುಂಬಾ ತಡವಾಯಿತು, ಆದರೂ ನನಗೆ ಖುಷಿಯಾಗಿದೆ. ಸಿಂಗಲ್ ಟಿಕೆಟ್ಟಿಗೆ ಸರ್ಕಾರ 2023ರಲ್ಲಿ 2 ಪೌಂಡ್ ಮಿತಿ ಹಾಕಿತು, 2025ರಿಂದ 3 ಪೌಂಡ್. ಅದೂ ಬೇಕು. ಆದರೆ ಅಜ್ಜಿಯ ಸ್ಟಾಪಿಗೆ ಅದರಿಂದ ಏನೂ ಆಗಲಿಲ್ಲ.

ಬರ್ಕ್‌ಷೈರಿಗೆ 1998ರಿಂದ ಕೌಂಟಿ ಕೌನ್ಸಿಲ್ಲೇ ಇಲ್ಲ, ಆರು ಬೇರೆ ಬೇರೆ ಕೌನ್ಸಿಲ್‌ಗಳಿವೆ. ಇಲ್ಲಿರುವ ಕನ್ನಡದ ಗೆಳೆಯರೇ, ನಿಮ್ಮದು ಯಾವುದೋ ನೋಡಿಕೊಳ್ಳಿ. ಬಸ್ ಬಗ್ಗೆ ಅಭಿಪ್ರಾಯ ಕೇಳಿದಾಗ, ನಮಗೆ ಕಾರಿದೆ ಅಂತ ಸುಮ್ನೆ ಬಿಡಬೇಡಿ. ಹತ್ತು ನಿಮಿಷದ ಕೆಲಸ. ನಿಮ್ಮ ಬೀದಿಗೆ ಬರುವ ಬಸ್ಸಿನ ನಂಬರ್ ಹಾಕಿ, ಅದರಲ್ಲಿ ಯಾರು ಯಾರು ಹೋಗುತ್ತಾರೆ ಅಂತ ಬರೆಯಿರಿ.