ದಯವಿಟ್ಟು ಅವನನ್ನು ಸೋಮಾರಿ ಅನ್ನಬೇಡಿ

ನಿನ್ನೆ ಸಂಜೆಯಿಂದ ಮನಸ್ಸು ಸರಿ ಇಲ್ಲ. ಬರೆದರೆ ಸ್ವಲ್ಪ ಹಗುರಾಗಬಹುದು ಅಂತ ಕೂತಿದ್ದೇನೆ.

ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವುದು ನಿಮಗೆಲ್ಲ ಗೊತ್ತು. ಡಿಸೆಂಬರ್‌ನಲ್ಲಿ ನಮ್ಮಲ್ಲಿಗೆ ಬರುವವರೆಲ್ಲ ತಡ ಮಾಡಿದವರೇ. ಗಡುವಿನೊಳಗೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕದವರಿಗೆ ಡಿಸೆಂಬರ್ 31ರವರೆಗೆ ಅವಕಾಶ ಇರುತ್ತದಲ್ವಾ, ಅವರು. ನಿನ್ನೆ ಒಬ್ಬ ಹುಡುಗ ಅಪ್ಪನ ಜೊತೆ ಬಂದಿದ್ದ. ಇಪ್ಪತ್ತೈದರ ಆಸುಪಾಸು. ಇಲ್ಲಿ ಬರೆಯಲಾ ಅಂತ ಅವನನ್ನು ಕೇಳಿದ್ದೇನೆ, ಗುರುತು ಸಿಗುವಂಥದ್ದನ್ನು ಬದಲಿಸಿದ್ದೇನೆ.

5,000 ರೂಪಾಯಿ ಲೇಟ್ ಫೀ ಕಟ್ಟಬೇಕು ಅಂದ ಕೂಡಲೇ ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಕಾಯುತ್ತಿದ್ದ ಏಳೆಂಟು ಜನರ ಎದುರೇ ಶುರು ಮಾಡಿದರು. "ಹುಟ್ಟು ಸೋಮಾರಿ ಇವನು. ಮೊಬೈಲ್ ಉಜ್ಜೋಕೆ ಮೂರು ಹೊತ್ತೂ ಟೈಮಿದೆ, ಇದಕ್ಕೆ ಮಾತ್ರ ಇಲ್ಲ." ಹುಡುಗ ತಲೆ ಎತ್ತಲಿಲ್ಲ. ಕೈಯಲ್ಲಿದ್ದ, ಕಂಪನಿ ಕೊಟ್ಟ ಫಾರ್ಮ್ 16ರ ಮೂಲೆಯನ್ನು ಸುರುಳಿ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಆ ಮೂಲೆ ಹಳೇ ನೋಟಿನ ಹಾಗೆ ಮೆತ್ತಗಾಗಿ ಹೋಗಿತ್ತು.

ಅಪ್ಪ ಫೋನ್ ಬಂತೆಂದು ಹೊರಗೆ ಹೋದಾಗ ಮೆಲ್ಲಗೆ ಹೇಳಿದ. "ಮೇಡಂ, ಶೇರ್ ಮಾರ್ಕೆಟ್‌ನಲ್ಲಿ ಎಫ್ ಅಂಡ್ ಓ ಟ್ರೇಡಿಂಗ್ ಮಾಡಿದ್ದೆ. ಲಾಸ್ ಆಗಿದೆ. ಮನೇಲಿ ಗೊತ್ತಿಲ್ಲ. ಆ ಸ್ಟೇಟ್‌ಮೆಂಟ್ ತೆಗೀಬೇಕು ಅಂತ ಲಾಗಿನ್ ಆಗ್ತೀನಿ, ಎದೆ ಢವಢವ ಅನ್ನುತ್ತೆ, ಮುಚ್ಚಿಬಿಡ್ತೀನಿ."

ಜೂನ್‌ನಿಂದ ಹೀಗೇ ಅಂತೆ. ಕಂಪನಿಯ ಕೆಲಸಕ್ಕೆ ಕೂತರೂ ತಲೆಯಲ್ಲಿ ಅದೇ. ಒಂದು ಗಂಟೆಯಲ್ಲಿ ಮುಗಿಯುವ ರಿಪೋರ್ಟಿಗೆ ಇಡೀ ಮಧ್ಯಾಹ್ನ ಹಿಡಿಯುತ್ತಿತ್ತಂತೆ. ರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಇಷ್ಟೊಂದು ಕಷ್ಟಪಟ್ಟವನನ್ನು ಸೋಮಾರಿ ಅಂತ ಹೇಗೆ ಕರೆಯುವುದು, ಹೇಳಿ? ಸೋಮಾರಿಗೆ ನಿದ್ದೆಯಾದರೂ ಬರುತ್ತದೆ.

ನನ್ನ ಹೊಟ್ಟೆ ಉರಿದದ್ದು ಇನ್ನೊಂದು ಕಾರಣಕ್ಕೆ. ಎಫ್ ಅಂಡ್ ಓ ಲಾಸ್ ಬಿಸಿನೆಸ್ ಲಾಸ್ ಲೆಕ್ಕಕ್ಕೆ ಬರುತ್ತದೆ. ಗಡುವಿನೊಳಗೆ ರಿಟರ್ನ್ ಹಾಕಿದ್ದರೆ ಅದನ್ನು ಮುಂದಿನ 8 ವರ್ಷ ಸಾಗಿಸಿ, ಬಿಸಿನೆಸ್ ಲಾಭ ಬಂದ ವರ್ಷ ಆ ಲಾಭದಿಂದ ಕಳೆದು ತೆರಿಗೆ ಕಮ್ಮಿ ಮಾಡಿಕೊಳ್ಳಬಹುದಿತ್ತು. ತಡವಾಗಿ ಹಾಕಿದರೆ ಆ ಅವಕಾಶ ಇಲ್ಲ. ನಷ್ಟದ ಮುಖ ನೋಡಲು ಹೆದರಿ, ಆ ನಷ್ಟದಿಂದ ಸಿಗಬಹುದಾಗಿದ್ದ ಅಷ್ಟಿಷ್ಟು ಅನುಕೂಲವನ್ನೂ ಕಳೆದುಕೊಂಡ. 5,000 ರೂಪಾಯಿಗೆ ಅಷ್ಟು ಕೂಗಾಡಿದ ಅಪ್ಪನಿಗೆ ಇದು ಗೊತ್ತೇ ಇಲ್ಲ.

ಟೈಮ್ ಇಲ್ಲದೆ ಜನ ಕೆಲಸ ಮುಂದೂಡುತ್ತಾರೆ ಅಂತ ನಾನು ನಂಬುವುದಿಲ್ಲ. 2025ರಲ್ಲೇ ನೋಡಿ. ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ಹಾಕಿದರು, ಕೊನೆಗೆ ಇನ್ನೂ ಒಂದು ದಿನ ಕೊಟ್ಟರು. ಒಂದೂವರೆ ತಿಂಗಳು! ಆಗಸ್ಟ್ ಪೂರ್ತಿ ನಮ್ಮ ಆಫೀಸು ಖಾಲಿ ಹೊಡೆಯುತ್ತಿತ್ತು. ಸೆಪ್ಟೆಂಬರ್ 13ರಿಂದ ಕಾಲಿಡಲು ಜಾಗ ಇರಲಿಲ್ಲ. ಟೈಮ್ ಕೊಟ್ಟರೆ ಸರಿಹೋಗುವ ಹಾಗಿದ್ದರೆ ಆಗಲೇ ಸರಿಹೋಗಬೇಕಿತ್ತಲ್ವಾ?

ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಆಗಿದ್ದ ಟಿಮೋತಿ ಪಿಚಿಲ್ ಅನ್ನುವವರು ಇದೇ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರು ಹೇಳುವುದು ಇಷ್ಟೇ: ನಾವು ಕೆಲಸದಿಂದ ಓಡುತ್ತಿಲ್ಲ, ಆ ಕೆಲಸ ಎಬ್ಬಿಸುವ ಭಯ, ನಾಚಿಕೆ, ಬೇಜಾರಿನಿಂದ ಓಡುತ್ತಿದ್ದೇವೆ. ಮುಂದಕ್ಕೆ ಹಾಕಿದ ಕ್ಷಣಕ್ಕೆ ಹಾಯೆನಿಸುತ್ತದೆ. ಆ ಹಾಯಿಗೇ ಮನಸ್ಸು ಒಗ್ಗಿಹೋಗುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಾವು ಚಿಕ್ಕವರಿದ್ದಾಗ ಬಾಗಿಲ ಮೇಲೆ ಬರೆಯುತ್ತಿದ್ದ "ನಾಳೆ ಬಾ". ರಾತ್ರಿ ದೆವ್ವ ಬಂದು ಹೆಸರು ಹಿಡಿದು ಕರೆಯುತ್ತದೆ, ಇದನ್ನು ಓದಿದರೆ ಹೊರಟು ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತದೆ ಅಂತ. ನಮ್ಮ ಬೀದಿಯಲ್ಲಿ ಎಲ್ಲರ ಮನೆ ಬಾಗಿಲಲ್ಲೂ ಇತ್ತು, ಸೀಮೆಸುಣ್ಣದಲ್ಲಿ. ಸೋಮಾರಿತನಕ್ಕೆ ಯಾರಾದರೂ ಅದನ್ನು ಬರೆದಿದ್ದರಾ? ಹೆದರಿಕೆಗೆ ಬರೆದದ್ದು. ಆ ಹುಡುಗನೂ ಜೂನ್‌ನಿಂದ ಅದನ್ನೇ ಬರೆಯುತ್ತಿದ್ದ.

"ಕೊನೇ ಗಳಿಗೆಯಲ್ಲೇ ನಂಗೆ ಕೆಲಸ ಚೆನ್ನಾಗಿ ಆಗೋದು" ಅನ್ನುವವರು ಇದನ್ನು ಓದುತ್ತಿರುವವರಲ್ಲೂ ಇದ್ದೀರಿ. ಗೊತ್ತು. ಗಡುವು ಹತ್ತಿರ ಬಂದಾಗ ಕೈ ಚುರುಕಾಗುತ್ತದೆ, ಅದು ನಿಜ. ಆದರೆ 1997ರಲ್ಲಿ ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ ಕಾಲೇಜು ಮಕ್ಕಳನ್ನು ಇಟ್ಟುಕೊಂಡು ನೋಡಿದರು. ಮುಂದೂಡುವ ಮಕ್ಕಳು ಟರ್ಮಿನ ಶುರುವಿನಲ್ಲಿ ಆರಾಮಾಗಿದ್ದರು. ಕೊನೆಗೆ ಅವರಿಗೇ ಒತ್ತಡ ಜಾಸ್ತಿ, ಅವರಿಗೇ ಕಾಯಿಲೆ ಜಾಸ್ತಿ, ಮಾರ್ಕ್ಸೂ ಕಮ್ಮಿ. ಕೊನೇ ಎರಡು ದಿನ ನಮ್ಮ ಆಫೀಸಿನಲ್ಲಿ ಅವಸರಕ್ಕೆ ಆಗುವ ತಪ್ಪುಗಳನ್ನು ಆಮೇಲೆ ತಿದ್ದುವವಳು ನಾನು. ನನಗೆ ಈ ವಾದ ಹೇಳಬೇಡಿ.

ಬೈದರೆ ಬುದ್ಧಿ ಬರುತ್ತದೆ ಅನ್ನುವುದು ಇನ್ನೊಂದು. ಪಿಚಿಲ್ ಮತ್ತು ಅವರ ಜೊತೆಗಾರರು 2010ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಗಮನಿಸಿದರು. ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಕಮ್ಮಿ ಮುಂದೂಡಿದ್ದರು. ಎಲ್ಲರೆದುರು ಬೈಸಿಕೊಂಡ ಈ ಹುಡುಗನಿಗೆ ಮುಂದಿನ ವರ್ಷ ರಿಟರ್ನ್ ಅಂದರೆ ಲಾಸ್ ಜೊತೆಗೆ ಈ ಅವಮಾನವೂ ನೆನಪಾಗುತ್ತದೆ. ಆಗ ಬೇಗ ಬರುತ್ತಾನಾ ಅವನು?

ನಾನು ಮಾಡಿದ್ದು ಇಷ್ಟು. ಲ್ಯಾಪ್‌ಟಾಪ್ ಅವನ ಕಡೆ ತಿರುಗಿಸಿ, "ನೀನು ಪಾಸ್‌ವರ್ಡ್ ಹಾಕಪ್ಪ, ಆಮೇಲೆ ಆ ಕಡೆ ನೋಡು, ನಾನು ತೆಗೀತೀನಿ" ಅಂದೆ. ಹಾಕಿದ. ಕಿಟಕಿ ಕಡೆ ತಿರುಗಿ ಕೂತ. ನಾಲ್ಕೇ ನಿಮಿಷ. ಆರು ತಿಂಗಳು ಅವನ ನಿದ್ದೆ ತಿಂದ ಫೈಲು ಮೂರು ಪುಟದ್ದು. ತಿರುಗಿ ನೋಡಿದವನು "ಇಷ್ಟೇನಾ" ಅಂದ. ಕಣ್ಣು ತುಂಬಿತ್ತು.

ಇದನ್ನೆಲ್ಲ ಇಷ್ಟು ಖಚಿತವಾಗಿ ಹೇಳಲು ಕಾರಣ ಇದೆ. ನಮ್ಮಪ್ಪ ತೀರಿಹೋಗಿ ಮೂರು ವರ್ಷವಾಯಿತು. ಊರಿನ 1 ಎಕರೆ 12 ಗುಂಟೆ ತೆಂಗಿನ ತೋಟದ ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ವಾರಸುದಾರರಾದ ನಮ್ಮ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸಿಲ್ಲ. ದಿನಾ ಬೇರೆಯವರ ಕಾಗದಪತ್ರ ಸರಿಮಾಡುವವಳು ನಾನು, ನನಗೆ ಮರಣ ಪತ್ರ, ವಂಶವೃಕ್ಷ, ನಾಡಕಚೇರಿ ಯಾವುದೂ ಹೊಸದಲ್ಲ. ತಮ್ಮನಿಗೆ ಬೆಳೆ ಸಾಲ ಸಿಗುತ್ತಿಲ್ಲ ಅಂತಲೂ ಗೊತ್ತು. ಆದರೂ ಬೀರುವಿನ ಕೆಳಗಿನ ಖಾನೆಯಲ್ಲಿರುವ, ಅಪ್ಪನ ಕಾಗದಗಳಿದ್ದ ಆ ಸೀರೆ ಅಂಗಡಿ ಕವರ್ ಮುಟ್ಟಲು ಆಗಿರಲಿಲ್ಲ. ಭಾನುವಾರ ಮಾಡೋಣ ಅಂದುಕೊಳ್ಳುತ್ತೇನೆ, ಭಾನುವಾರ ಫ್ಯಾನ್ ಒರೆಸುತ್ತೇನೆ, ಡಬ್ಬಿಗಳನ್ನೆಲ್ಲ ತೊಳೆದು ಬಿಸಿಲಿಗೆ ಇಡುತ್ತೇನೆ, ಸಂಜೆ ಸುಸ್ತಾಗಿ ಕೂತಾಗಲೂ ಆ ಕವರ್ ಅಲ್ಲೇ ಇರುತ್ತದೆ. ಯಾರೂ ನನ್ನನ್ನು ಸೋಮಾರಿ ಅನ್ನಲಿಲ್ಲ, ಮನೆ ಫಳಫಳ ಅನ್ನುತ್ತಿತ್ತಲ್ಲ.

ನಿನ್ನೆ ರಾತ್ರಿ ಊಟ ಆದ ಮೇಲೆ ಅಮ್ಮನಿಗೆ "ಸ್ವಲ್ಪ ಹೊತ್ತು ನನ್ನ ಪಕ್ಕ ಕೂತ್ಕೋಮ್ಮ" ಅಂದೆ. ಯಾಕೆ ಅಂತ ಕೇಳಲಿಲ್ಲ. ಕವರ್ ಬಿಚ್ಚಿದೆ. ಮೇಲೇ ಇತ್ತು ಮರಣ ಪತ್ರ. ಅದರ ಕೆಳಗೆ ಅಪ್ಪನ ಕನ್ನಡಕ, ಪಾಸ್‌ಬುಕ್, ದಾರದಲ್ಲಿ ಕಟ್ಟಿದ ಕಂದಾಯದ ರಸೀದಿಗಳು. ಒಂದೊಂದು ರಸೀದಿಯ ಹಿಂದೆಯೂ ಅಪ್ಪ ತಮ್ಮ ಕೈಬರಹದಲ್ಲಿ ಕಟ್ಟಿದ ದಿನ, ಬಸ್ ಚಾರ್ಜು, ಕಾಫಿಗೆ ಕೊಟ್ಟದ್ದು ಎಲ್ಲ ಬರೆದಿಟ್ಟಿದ್ದಾರೆ. ನಾನು ಅತ್ತೆ. ಅಮ್ಮ ಕನ್ನಡಕ ತರಿಸಿಕೊಂಡು ಒಂದೊಂದನ್ನೇ ಗಟ್ಟಿಯಾಗಿ ಓದಿದರು.

ಬುಧವಾರ ರಜೆ ಹಾಕಿದ್ದೇನೆ. ತಮ್ಮ ನೇರ ನಾಡಕಚೇರಿಗೆ ಬರುತ್ತೇನೆ ಅಂದಿದ್ದಾನೆ.