ಮರಳಿನ ಫೋಟೊ ತೆಗೆದು ವಾಪಸ್ ಬರಬೇಡಿ

ಮೊಣಕಾಲುದ್ದ ಮರಳು ತುಂಬಿದ ಕೋಣೆ, ಅರ್ಧ ತೆರೆದ ಬಾಗಿಲು. ನಮೀಬಿಯಾದ ಪಾಳು ಊರು ಕೋಲ್ಮನ್ಸ್‌ಕಾಪ್ ಅಂದರೆ ಎಲ್ಲರೂ ಹಾಕುವುದು ಈ ಫೋಟೊನೇ. ನಾನೂ ಅದನ್ನು ನೋಡಿಯೇ ಹೋಗಿದ್ದೆ. ಒಂದು ಬಾಗಿಲು ತಳ್ಳಿ ನೋಡಿದೆ, ಅಲ್ಲಾಡಲಿಲ್ಲ. ಮರಳು ಅದನ್ನು ಹಿಡಿದು ನಿಲ್ಲಿಸಿಬಿಟ್ಟಿದೆ.

1908ರಲ್ಲಿ ಇಲ್ಲಿ ರೈಲು ಹಳಿಯ ಮೇಲಿನ ಮರಳು ಎತ್ತುತ್ತಿದ್ದ ಜಕರಿಯಾಸ್ ಲೆವಾಲಾ ಎಂಬ ಕೂಲಿಗೆ ಒಂದು ವಜ್ರ ಸಿಕ್ಕಿತು. ಅದನ್ನು ಮೇಲಧಿಕಾರಿ ಆಗಸ್ಟ್ ಸ್ಟೌಖ್ ಕೈಗೆ ಕೊಟ್ಟ. ಸ್ಟೌಖ್ ಸಾಹುಕಾರನಾದ. ಲೆವಾಲಾಗೆ ಏನೂ ಸಿಗಲಿಲ್ಲ. ಆಗ ಈ ದೇಶ ಜರ್ಮನ್ನರ ವಸಾಹತು. ಆಮೇಲೆ ಅವರು ಇಲ್ಲಿ ಊರನ್ನೇ ಕಟ್ಟಿದರು. ಐಸ್ ಫ್ಯಾಕ್ಟರಿ, ಡ್ಯಾನ್ಸ್ ಹಾಲ್, ಆಸ್ಪತ್ರೆ ಎಲ್ಲ ಬಂತು. ಆಸ್ಪತ್ರೆಯ ಎಕ್ಸ್‌ರೇ ಯಂತ್ರವನ್ನು ಕೂಲಿಗಳು ವಜ್ರ ನುಂಗಿದ್ದಾರಾ ಅಂತ ನೋಡುವುದಕ್ಕೂ ಬಳಸುತ್ತಿದ್ದರು. ಅದನ್ನು ಕೇಳಿ ಹೊಟ್ಟೆ ತೊಳೆಸಿದಂತಾಯಿತು. ನಮ್ಮ ಕೆಜಿಎಫ್‌ನಲ್ಲಿ ಸಾಹೇಬರ ಬಂಗಲೆ, ಕೂಲಿ ಲೈನ್ ಎರಡನ್ನೂ ನೋಡಿದವರಿಗೆ ಇದು ಹೊಸದಲ್ಲ, ಅಲ್ವಾ? 1956ರ ಹೊತ್ತಿಗೆ ಊರು ಖಾಲಿ.

ಅಲ್ಲಿಂದ ಹತ್ತೇ ಕಿಲೋಮೀಟರ್‌ಗೆ ಲ್ಯೂಡೆರಿಟ್ಜ್, ಸಮುದ್ರ ತೀರ. ಬೆನ್ನ ಹಿಂದೆ ಮರುಭೂಮಿ, ಮುಂದೆ ಮೂಳೆ ಕೊರೆಯುವ ಚಳಿ. ದಕ್ಷಿಣದಿಂದ ಬರುವ ಬೆಂಗ್ವೇಲಾ ಪ್ರವಾಹ ನೀರನ್ನು ಅಷ್ಟು ತಣ್ಣಗೆ ಇಟ್ಟಿದೆ. ಸ್ವೆಟರ್ ಮೇಲೆ ಜಾಕೆಟ್ ಹಾಕಿದರೂ ಗಾಳಿ ಒಳಗೆ ನುಗ್ಗುತ್ತಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು.

ಅದೇ ಗಾಳಿಗೆ ಮೈಯೊಡ್ಡಿ ನಿಂತ ಬರೀ ಬಂಡೆಯ ಜಾಗ ಶಾರ್ಕ್ ಐಲ್ಯಾಂಡ್. 1905ರಿಂದ 1907ರವರೆಗೆ ಜರ್ಮನ್ನರು ತಮ್ಮ ಆಳ್ವಿಕೆಯ ವಿರುದ್ಧ ಎದ್ದಿದ್ದ ಇಲ್ಲಿನ ಹೆರೆರೊ ಮತ್ತು ನಾಮಾ ಜನರನ್ನು, ಹೆಂಗಸರು ಮಕ್ಕಳ ಸಮೇತ, ಅಲ್ಲಿ ಕೂಡಿಹಾಕಿದ್ದರು. ಹಸಿವು, ಚಳಿ, ಕಾಯಿಲೆಯಿಂದ ಸಾವಿರಕ್ಕೂ ಜಾಸ್ತಿ ಜನ ಸತ್ತರು. ನಾಮಾ ನಾಯಕ ಕಾರ್ನೆಲಿಯಸ್ ಫ್ರೆಡೆರಿಕ್ಸ್ ಸತ್ತದ್ದೂ ಅಲ್ಲೇ. ಲ್ಯೂಡೆರಿಟ್ಜ್‌ನಿಂದ ಒಳನಾಡಿಗೆ ಹೋಗುವ ರೈಲು ದಾರಿ ಹಾಕಲು ಆ ಕೈದಿಗಳನ್ನೇ ದುಡಿಸಿದರು. ಲೆವಾಲಾ ಮರಳು ಎತ್ತುತ್ತಿದ್ದದ್ದು ಅದೇ ದಾರಿಯಲ್ಲಿ. ಕೋಲ್ಮನ್ಸ್‌ಕಾಪ್‌ನ ಕಥೆ ವಜ್ರದಿಂದ ಶುರುವಾಗುವುದಿಲ್ಲ, ಈ ಬಂಡೆಯಿಂದ ಶುರುವಾಗುತ್ತದೆ.

ಇವತ್ತು ಅಲ್ಲಿ ಪ್ರವಾಸಿಗರು ಟೆಂಟ್ ಹಾಕುತ್ತಾರೆ. ನಾನು ಹೋದಾಗ ಒಬ್ಬರು ಕೆಂಡದ ಮೇಲೆ ಮಾಂಸ ಸುಡುತ್ತಿದ್ದರು, ಮಕ್ಕಳು ಚೆಂಡಾಡುತ್ತಿದ್ದರು. ಅವರ ತಪ್ಪು ಅಂತ ಹೇಳಲಾರೆ, ಯಾರೋ ಜಾಗ ಬಾಡಿಗೆಗೆ ಕೊಟ್ಟಿದ್ದಾರೆ. ಆದರೆ ಅದು ನಿಲ್ಲಬೇಕು. ಅಲ್ಲಿ ಸತ್ತವರ ಮೊಮ್ಮಕ್ಕಳು, ಮರಿಮಕ್ಕಳು ಎಷ್ಟೋ ವರ್ಷದಿಂದ ಕೇಳುತ್ತಿರುವುದೂ ಇದನ್ನೇ.

ಕೋಲ್ಮನ್ಸ್‌ಕಾಪ್‌ಗೆ ಹೋಗುವವರು ಮಧ್ಯಾಹ್ನದ ಮೇಲೆ ಒಂದು ಗಂಟೆ ಶಾರ್ಕ್ ಐಲ್ಯಾಂಡ್‌ಗೂ ಇಟ್ಟುಕೊಳ್ಳಿ. ಟೆಂಟುಗಳನ್ನು ದಾಟಿ ಹೋಗಿ ಫ್ರೆಡೆರಿಕ್ಸ್ ಹೆಸರಿನ ಕಲ್ಲಿನ ಹತ್ತಿರ ಸುಮ್ನೆ ನಿಂತು ಬನ್ನಿ.