ಸತ್ಯಾಂಶ: ಮಂದ ಆಯಿಲ್ ಹಾಕಿದರೆ ಎಂಜಿನ್ ಆಯಿಲ್ ಕುಡಿಯುವುದು ನಿಲ್ಲುತ್ತದೆಯೇ?

‘ಕಾಸರಗೋಡಿನ ಸೆಕೆಗೆ ತೆಳು ಆಯಿಲ್ ನೀರಾಗುತ್ತದೆ, ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ 20ಡಬ್ಲ್ಯು-50 ಹಾಕಿ’ ಎಂದು ಈ ಮಂದ ದರ್ಜೆಯ ಆಯಿಲನ್ನು ಸೂಚಿಸುವ ಸಂದೇಶವೊಂದು ಮಂಜೇಶ್ವರದಿಂದ ಹೊಸದುರ್ಗದವರೆಗೆ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಇದರಲ್ಲಿ ನಿಜದ ಪಾಲು ಅಲ್ಪ.

ಹೊರಗೆ 35 ಡಿಗ್ರಿ ಸೆಕೆಯಿರಲಿ, ಜಡಿಮಳೆಯಿರಲಿ, ಬಿಸಿಯಾದ ಎಂಜಿನ್ನಿನ ಕೂಲಂಟನ್ನು (ತಂಪುಗೊಳಿಸುವ ದ್ರವವನ್ನು) ಥರ್ಮೋಸ್ಟ್ಯಾಟ್ ಸುಮಾರು 90 ಡಿಗ್ರಿಯಲ್ಲಿ ಹಿಡಿದಿಡುವುದರಿಂದ, ಆಯಿಲಿನ ತಾಪವೂ ಊರಿನ ಹವೆಯನ್ನು ಅಷ್ಟಾಗಿ ಅನುಸರಿಸುವುದಿಲ್ಲ. ಡಬ್ಲ್ಯು ಎಂದರೆ ವಿಂಟರ್ (ಹಲವರು ತಿಳಿದಂತೆ ವೆಯ್ಟ್ ಅಲ್ಲ); ಅದರ ಹಿಂದಿನ ಅಂಕೆ ಚಳಿಯಲ್ಲಿ ಆಯಿಲ್ ಹರಿಯುವ ಬಗೆಯನ್ನೂ ಮುಂದಿನದು 100 ಡಿಗ್ರಿಯಲ್ಲಿ ಅದರ ಸ್ನಿಗ್ಧತೆಯ (ಮಂದತನದ) ದರ್ಜೆಯನ್ನೂ ಸೂಚಿಸುತ್ತದೆ.

ಆಯಿಲ್ ವಿಪರೀತ ಖರ್ಚಾಗಲು ಸಾಮಾನ್ಯ ಕಾರಣ ಸವೆದ ಅಥವಾ ಮಸಿ ಕಟ್ಟಿ ಅಂಟಿಕೊಂಡ ಪಿಸ್ಟನ್ ರಿಂಗು, ಬಿರುಸಾದ ವಾಲ್ವ್ ಸೀಲು, ಕಟ್ಟಿಕೊಂಡ ಪಿಸಿವಿ ವಾಲ್ವ್ (ಎಂಜಿನ್ನಿನೊಳಗೆ ಸೇರುವ ಅನಿಲವನ್ನು ಹೊರಬಿಡುವ ವಾಲ್ವ್) ಇಲ್ಲವೇ ಬರಿಯ ಸೋರಿಕೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದು ನಿಂತರೆ ಸಂಶಯ ಸೀಲಿನ ಮೇಲೆ. ಏರುದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ರಿಂಗಿನ ಮೇಲೆ.

ಬಹಳ ಸವೆದ ಹಳೆಯ ಎಂಜಿನ್ನಿನಲ್ಲಿ ಮಂದ ಆಯಿಲ್ ಖರ್ಚನ್ನು ತುಸು ತಗ್ಗಿಸಬಹುದು, ಆದರೆ ಸವೆತವನ್ನು ಸರಿಪಡಿಸದು. ತೆಳು ದರ್ಜೆಯಾದ 0ಡಬ್ಲ್ಯು-20ಕ್ಕೆಂದೇ ರೂಪಿಸಿದ ಹೊಸ ಎಂಜಿನ್ನಿಗೆ ಮಂದ ಆಯಿಲ್ ಸುರಿದರೆ ಮೈಲೇಜ್ ಇಳಿಯುತ್ತದೆ, ಸ್ಟಾರ್ಟ್ ಮಾಡಿದೊಡನೆ ಮೇಲಿನ ಭಾಗಗಳಿಗೆ ಆಯಿಲ್ ತಲಪುವುದು ತಡವಾಗುತ್ತದೆ. ಮ್ಯಾನುವಲ್‌ನಲ್ಲಿ ಒಂದಕ್ಕಿಂತ ಹೆಚ್ಚು ದರ್ಜೆಗಳಿದ್ದರೆ ಅವುಗಳೊಳಗೇ ಆರಿಸಬೇಕು. ಅದಕ್ಕೂ ಮೊದಲು, ಸಮತಟ್ಟಾದ ನೆಲದಲ್ಲಿ ಎಂಜಿನ್ ನಿಲ್ಲಿಸಿ ಕೆಲವು ನಿಮಿಷಗಳ ಬಳಿಕ ಡಿಪ್‌ಸ್ಟಿಕ್ (ಆಯಿಲಿನ ಮಟ್ಟ ತೋರಿಸುವ ಕಡ್ಡಿ) ನೋಡಿ, 1000 ಕಿಲೋಮೀಟರಿಗೆ ಎಷ್ಟು ಇಳಿಯಿತೆಂದು ಬರೆದಿಟ್ಟುಕೊಂಡು, ಆ ಲೆಕ್ಕವನ್ನೇ ಮೆಕ್ಯಾನಿಕ್ಕಿಗೆ ತೋರಿಸುವುದು ಒಳಿತು.